ಗೊರಕೆಗೆ ನಾಲಿಗೆ ನರದ ಇಂಪ್ಲಾಂಟ್: ಕೊಡಗಿನಿಂದ ಹೊರಡುವ ಮೊದಲು ಮಾಡಬೇಕಾದ್ದು

ಮೊದಲ ಕೆಲಸ ಆಸ್ಪತ್ರೆಗೆ ಹೋಗುವುದಲ್ಲ, ಮನೆಯವರ ಕೈಗೆ ಫೋನ್ ಕೊಡುವುದು. ನೀವು ಅಂಗಾತ ಮಲಗಿ ಚೆನ್ನಾಗಿ ನಿದ್ದೆ ಹತ್ತಿದ ಮೇಲೆ ಐದು ನಿಮಿಷ ವಿಡಿಯೋ ಮಾಡಲು ಹೇಳಿ. ಬೆಳಗಿನ ಜಾವವಾದರೆ ಇನ್ನೂ ಒಳ್ಳೆಯದು. ಮುಖ, ಎದೆ, ಹೊಟ್ಟೆ ಮೂರೂ ಕಾಣಬೇಕು, ಹೊದಿಕೆ ಸ್ವಲ್ಪ ಸರಿಸಿರಲಿ. ಜುಲೈ ತಿಂಗಳಾದರೆ ಶೀಟಿನ ಮೇಲೆ ಬೀಳುವ ಮಳೆ ಸದ್ದಿಗೆ ಗೊರಕೆಯೇ ಕೇಳಲ್ಲ, ಹಾಗಾಗಿ ಹೊಳವಾದ ರಾತ್ರಿ ನೋಡಿಕೊಳ್ಳಿ.

ನನ್ನ ವಿಡಿಯೋ ಮಾಡಿದ್ದು ನನ್ನ ಹೆಂಡತಿ. ಗೊರಕೆ ಜೋರಾಗಿ ಬರ್ತಾ ಇರುತ್ತೆ, ಇದ್ದಕ್ಕಿದ್ದ ಹಾಗೆ ನಿಲ್ಲುತ್ತೆ. ಎದೆ, ಹೊಟ್ಟೆ ಎರಡೂ ಏರಿಳಿಯುತ್ತಲೇ ಇವೆ, ಆದರೆ ಮೂಗಿನಲ್ಲಿ ಗಾಳಿ ಇಲ್ಲ. ಅವಳು ಮೆಲ್ಲಗೆ ಎಣಿಸುವುದು ವಿಡಿಯೋದಲ್ಲಿ ಕೇಳಿಸುತ್ತೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತು... ಮೂವತ್ತಾರಕ್ಕೆ ನಾನು ನೀರಿನಿಂದ ಮೇಲೆದ್ದವನ ಹಾಗೆ ದೊಡ್ಡದಾಗಿ ಉಸಿರೆಳೆದು, ಕೈಕಾಲು ಒದರಿ, ಮತ್ತೆ ಗೊರಕೆ ಶುರು. ನನಗೆ ಎಚ್ಚರವಾದ ನೆನಪೇ ಇಲ್ಲ. ಇಷ್ಟು ವರ್ಷ ಪಕ್ಕದಲ್ಲಿ ಮಲಗಿ ಇದನ್ನು ನೋಡುತ್ತಾ ಅವಳು ಹೇಗೆ ನಿದ್ದೆ ಮಾಡಿದಳೋ ಅನ್ನುವುದು ನನ್ನನ್ನು ಇವತ್ತಿಗೂ ಕಾಡುತ್ತೆ.

ಇದನ್ನು ಈಗ ಬರೆಯಲು ಕಾರಣ ಇದೆ. ಸೋಮವಾರಪೇಟೆ ಕಡೆ ನಮ್ಮವರಲ್ಲಿ ಮೂರು ಜನ ಕಳೆದ ಒಂದು ವರ್ಷದಲ್ಲಿ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ರಾತ್ರಿ ಗಾಳಿ ಊದುವ ಆ ಮಾಸ್ಕಿನ ಸಹವಾಸ ಬೇಡ, ಎದೆಯಲ್ಲಿ ಬ್ಯಾಟರಿ ಇಟ್ಟು ನಾಲಿಗೆಗೆ ಕರೆಂಟ್ ಕೊಡ್ತಾರಂತಲ್ಲ, ಆ ಆಪರೇಷನ್ ಎಲ್ಲಿ ಮಾಡ್ತಾರೆ ಅಂತ. ಅಮೆರಿಕದಲ್ಲಿರುವ ನನ್ನ ಭಾವ, ಅಂದರೆ ಅಕ್ಕನ ಗಂಡ, ಅದನ್ನು ಮಾಡಿಸಿಕೊಂಡಿದ್ದಾರೆ. ಅವರಿಗೆ ಒಳ್ಳೆಯದಾಗಿದೆ. ನಾನೂ ಅದೇ ಆಸೆಯಿಂದ ಬೆಂಗಳೂರಿನವರೆಗೆ ಹೋಗಿ ಎಲ್ಲ ಪರೀಕ್ಷೆ ಮಾಡಿಸಿಕೊಂಡೆ, ನನಗೆ ಅದು ಆಗುವುದಿಲ್ಲ ಅಂತ ಗೊತ್ತಾಯಿತು. ಎರಡೂ ದಾರಿ ಹತ್ತಿರದಿಂದ ಕಂಡಿದ್ದೇನೆ. ಅದಕ್ಕೇ ಹೇಳುತ್ತಿದ್ದೇನೆ: ಆಪರೇಷನ್ ಎಲ್ಲಿ ಅಂತ ಹುಡುಕುವ ಮೊದಲು ನಿಮ್ಮ ಗಂಟಲು ಎಲ್ಲಿ ಮುಚ್ಚಿಕೊಳ್ಳುತ್ತೆ ಅಂತ ತಿಳಿದುಕೊಳ್ಳಿ.

ಒಳಗೆ ಆಗುವುದೇನು

ಎಚ್ಚರ ಇರುವಾಗ ಮಿದುಳು ನಾಲಿಗೆಯನ್ನು, ಗಂಟಲಿನ ಸ್ನಾಯುಗಳನ್ನು ಸ್ವಲ್ಪ ಬಿಗಿಯಾಗಿ ಹಿಡಿದಿರುತ್ತೆ. ನಿದ್ದೆ ಬಂದಾಗ ಆ ಹಿಡಿತ ಸಡಿಲ. ದಾರಿ ಮೊದಲೇ ಕಿರಿದಾಗಿದ್ದವರಿಗೆ ನಾಲಿಗೆ ಹಿಂದಕ್ಕೆ ಬೀಳುತ್ತೆ, ಅಥವಾ ಅಂಗುಳದ ಹಿಂದಿನ ಮೆದು ಭಾಗ ಕುಸಿಯುತ್ತೆ, ಕೆಲವರಿಗೆ ಎರಡೂ ಆಗುತ್ತೆ. ಅರ್ಧ ಮುಚ್ಚಿದರೆ ಗೊರಕೆ. ಪೂರ್ತಿ ಮುಚ್ಚಿ ಹತ್ತು ಸೆಕೆಂಡೋ ಅದಕ್ಕಿಂತ ಹೆಚ್ಚು ಹೊತ್ತೋ ಗಾಳಿ ಹೋಗದಿದ್ದರೆ ಅದು ಅಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತೆ, ಮಿದುಳು ಗಾಬರಿಯಾಗಿ ಒಂದು ಕ್ಷಣ ಎಬ್ಬಿಸುತ್ತೆ, ದಾರಿ ತೆರೆಯುತ್ತೆ. ರಾತ್ರಿಯಿಡೀ ಇದೇ. ಎಂಟು ಗಂಟೆ ಮಲಗಿದ್ದರೂ ಬೆಳಿಗ್ಗೆ ತಲೆನೋವು, ಬಾಯಿ ಒಣಗಿರುತ್ತೆ, ಮಧ್ಯಾಹ್ನ ಊಟವಾದ ಮೇಲೆ ಕುಳಿತಲ್ಲೇ ತೂಕಡಿಕೆ. ಬಿಪಿ ಏರುವುದಕ್ಕೂ ಇದಕ್ಕೂ ನೇರ ಸಂಬಂಧ ಇದೆ.

ನಮ್ಮ ಜಿಲ್ಲೆಯಲ್ಲಿ ಇದರ ದೊಡ್ಡ ಅಪಾಯ ರಸ್ತೆ ಮೇಲೆ. ಸುಂಟಿಕೊಪ್ಪ ದಾಟಿ ಬರುತ್ತಿದ್ದಾಗ, ಹಗಲು ಹೊತ್ತೇ, ನಾನು ಒಂದು ಕ್ಷಣ ಕಣ್ಣು ಮುಚ್ಚಿದೆ. ಜೀಪು ಎಡಕ್ಕೆ ಸರಿದು ತೋಟದ ಬೇಲಿಗೆ ತಾಗಿ ನಿಂತಿತು. ಬಲಕ್ಕೆ ಸರಿದಿದ್ದರೆ ಎದುರಿಗೆ ಬಸ್ಸಿತ್ತು. ನಿಮಗೆ ಗಾಡಿ ಓಡಿಸುವಾಗ ಒಮ್ಮೆಯಾದರೂ ಹೀಗಾಗಿದ್ದರೆ, ಚಿಕಿತ್ಸೆ ಶುರುವಾಗುವ ತನಕ ಸಂಪಾಜೆ ಘಾಟಿಯಲ್ಲಿ ಸ್ಟಿಯರಿಂಗ್ ಬೇರೆಯವರಿಗೆ ಕೊಡಿ. ಇದನ್ನು ದಯವಿಟ್ಟು ಮುಂದೂಡಬೇಡಿ.

ಮನೆಯಲ್ಲೇ ಮಾಡಬಹುದಾದ ಲೆಕ್ಕ

ಟೈಲರ್ ಟೇಪಿನಲ್ಲಿ ಕತ್ತಿನ ಸುತ್ತಳತೆ ತೆಗೆಯಿರಿ. ಆಮೇಲೆ ಎಂಟು ಪ್ರಶ್ನೆ. ಗೊರಕೆ ಬಾಗಿಲಾಚೆ ಕೇಳುವಷ್ಟು ಜೋರಾ? ಹಗಲಲ್ಲಿ ಸುಸ್ತಾ? ಉಸಿರು ನಿಲ್ಲುವುದನ್ನು ಯಾರಾದರೂ ನೋಡಿದ್ದಾರಾ? ಬಿಪಿ ಇದೆಯಾ? ಬಿಎಂಐ (ಎತ್ತರಕ್ಕೆ ತಕ್ಕಂತೆ ತೂಕ ಅಳೆಯುವ ಸಂಖ್ಯೆ) 35ಕ್ಕಿಂತ ಜಾಸ್ತಿಯಾ? ವಯಸ್ಸು 50 ದಾಟಿತಾ? ಕತ್ತು 40 ಸೆಂ.ಮೀ.ಗಿಂತ ದಪ್ಪವಾ? ಗಂಡಸಾ? ಡಾಕ್ಟರುಗಳು ಇದನ್ನು ಸ್ಟಾಪ್-ಬ್ಯಾಂಗ್ ಅಂತಾರೆ. ಮೂರಕ್ಕೆ ಹೌದು ಅಂದರೆ ಪರೀಕ್ಷೆ ಮಾಡಿಸಬೇಕು, ಐದು ಮುಟ್ಟಿದರೆ ತಡ ಮಾಡಬಾರದು. ಹೆಂಗಸರಿಗೆ ಒಂದು ಮಾತು. ಗೊರಕೆ ಗಂಡಸರ ಕಾಯಿಲೆ ಅಂತ ಬಿಡಬೇಡಿ, ಮುಟ್ಟು ನಿಂತ ಮೇಲೆ ಹೆಂಗಸರಲ್ಲೂ ಇದು ಹೆಚ್ಚಾಗುತ್ತೆ, ಎಷ್ಟೋ ಸಲ ಬರೀ ಸುಸ್ತು ಮತ್ತು ನಿದ್ದೆ ಬಾರದಿರುವುದಾಗಿ ಕಾಣಿಸುತ್ತೆ.

ಇದೆಲ್ಲ ಬರೆದ ಹಾಳೆ, ವಿಡಿಯೋ, ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದು ಮೊದಲು ಹತ್ತಿರದ ಇಎನ್‌ಟಿ ಡಾಕ್ಟರನ್ನೋ ಶ್ವಾಸಕೋಶದ ಡಾಕ್ಟರನ್ನೋ ನೋಡಿ. ಮೊದಲ ಭೇಟಿಗೆ ಮಡಿಕೇರಿ ಸಾಕು, ಬೆಂಗಳೂರಿಗೆ ಓಡಬೇಕಾಗಿಲ್ಲ.

ನಿದ್ದೆಯ ಪರೀಕ್ಷೆ

ಎರಡು ಬಗೆ ಇದೆ. ಮನೆಗೇ ಕೊಡುವ ಪುಟ್ಟ ಯಂತ್ರ ಮೂಗಿನ ಗಾಳಿ, ಎದೆ ಹೊಟ್ಟೆಯ ಚಲನೆ, ಬೆರಳ ತುದಿಯ ಆಮ್ಲಜನಕ ಇಷ್ಟನ್ನು ಅಳೆಯುತ್ತೆ. ಲ್ಯಾಬಿನಲ್ಲಿ ರಾತ್ರಿ ಮಲಗಿಸಿ ಮಾಡುವ ಪರೀಕ್ಷೆಯಲ್ಲಿ ಮಿದುಳಿನ ಅಲೆ, ಕಣ್ಣಿನ ಚಲನೆ, ಹೃದಯ ಎಲ್ಲ ಸೇರುತ್ತೆ. ತಲೆಗೆಲ್ಲ ವೈರ್ ಅಂಟಿಸಿಕೊಂಡು ನಿದ್ದೆ ಬರುತ್ತಾ ಅಂತ ಹೆದರಬೇಡಿ, ಬರುತ್ತೆ. ಮನೆಯ ಪರೀಕ್ಷೆಗೆ ಒಂದು ಕೊರತೆ ಇದೆ. ನೀವು ನಿಜಕ್ಕೂ ಎಷ್ಟು ಹೊತ್ತು ನಿದ್ದೆ ಮಾಡಿದಿರಿ ಅಂತ ಅದಕ್ಕೆ ಗೊತ್ತಿಲ್ಲ. ಎಚ್ಚರ ಇದ್ದ ಹೊತ್ತನ್ನೂ ಸೇರಿಸಿ ಭಾಗಿಸುತ್ತೆ. ಹಾಗಾಗಿ ಕಾಯಿಲೆ ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ಇಂಪ್ಲಾಂಟ್ ತಲೆಯಲ್ಲಿದ್ದರೆ ಲ್ಯಾಬಿನ ಪರೀಕ್ಷೆಯೇ ಮಾಡಿಸಿ.

ರಿಪೋರ್ಟ್ ಬಂದಾಗ ಎರಡು ಕಡೆ ಬೆರಳಿಡಿ. ಒಂದು, ಎಎಚ್‌ಐ. ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಅರೆಬರೆಯಾಯಿತು ಅನ್ನುವ ಸಂಖ್ಯೆ ಅದು. 5ರಿಂದ 15 ಸಣ್ಣದು, 15ರಿಂದ 30 ಮಧ್ಯಮ, 30ರ ಮೇಲೆ ತೀವ್ರ. ನನ್ನದು 44 ಇತ್ತು. ಎರಡನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ: ಅದರಲ್ಲಿ ಗಂಟಲು ಮುಚ್ಚಿ ಆದದ್ದೆಷ್ಟು, ಮಿದುಳೇ ಉಸಿರಾಡಲು ಹೇಳದೆ ಆದದ್ದೆಷ್ಟು. ಎರಡನೆಯ ಬಗೆಗೆ ಸೆಂಟ್ರಲ್ ಅಪ್ನಿಯಾ ಅನ್ನುತ್ತಾರೆ. ಅದು ಹೆಚ್ಚಿದ್ದವರಿಗೆ ನಾಲಿಗೆ ನರದ ಇಂಪ್ಲಾಂಟ್ ಉಪಯೋಗಕ್ಕೆ ಬರಲ್ಲ. ದಾರಿ ತೆರೆದಿಟ್ಟರೂ ಉಸಿರಾಡು ಅನ್ನುವ ಅಪ್ಪಣೆಯೇ ಬರದಿದ್ದರೆ ಏನು ಪ್ರಯೋಜನ ಅಲ್ವಾ.

ಸಿಪ್ಯಾಪ್‌ಗೆ ನ್ಯಾಯವಾಗಿ ಮೂರು ತಿಂಗಳು

ಇದನ್ನು ಬಿಟ್ಟು ಮುಂದೆ ಹೋಗಲು ಬರಲ್ಲ. ಸಿಪ್ಯಾಪ್ ಅಂದರೆ ಮಾಸ್ಕ್ ಮೂಲಕ ಗಾಳಿಯನ್ನು ಒತ್ತಡದಲ್ಲಿ ಊದಿ ಗಂಟಲು ಮುಚ್ಚದಂತೆ ಹಿಡಿಯುವ ಯಂತ್ರ. 1981ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಇದನ್ನು ಮೊದಲು ಪ್ರಕಟಿಸಿದರು. ವ್ಯಾಕ್ಯೂಮ್ ಕ್ಲೀನರ್ ಮೋಟರನ್ನು ತಿರುಗುಮುರುಗು ಮಾಡಿ ಗಾಳಿ ಊದಿಸಿದ್ದರು. ಇವತ್ತಿಗೂ ಮೊದಲ ಮದ್ದು ಇದೇ. ಇಂಪ್ಲಾಂಟ್ ಇರುವುದು ಇದು ಆಗದವರಿಗೆ. ಆಗದವರು ಅಂದರೆ ಯಾರು? ವಾರಕ್ಕೆ ಐದು ರಾತ್ರಿ, ರಾತ್ರಿಗೆ ನಾಲ್ಕು ಗಂಟೆಯಾದರೂ ಹಾಕಿಕೊಳ್ಳಲು ಆಗದವರು, ಅಥವಾ ಹಾಕಿಕೊಂಡರೂ ಎಎಚ್‌ಐ 15ರ ಕೆಳಗೆ ಇಳಿಯದವರು. ಈ ಲೆಕ್ಕ ಯಂತ್ರದ ಮೆಮೊರಿ ಕಾರ್ಡಿನಲ್ಲಿ ಬರೆದಿರುತ್ತೆ. ಬಾಯಿಮಾತು ನಡೆಯಲ್ಲ.

ನನಗೆ ಮೊದಲ ಯಂತ್ರ ಮಾರಿದ ಅಂಗಡಿಯವರು ಮುಖದ ಅಳತೆ ನೋಡದೆ ಒಂದು ಮಾಸ್ಕ್ ಕೊಟ್ಟು ಕಳಿಸಿದರು. ರಾತ್ರಿಯಿಡೀ ಕಣ್ಣಿಗೆ ಗಾಳಿ. ಎರಡು ವಾರಕ್ಕೆ ಅಟ್ಟಕ್ಕೆ ಹಾಕಿದೆ. ಒಂದೂವರೆ ವರ್ಷ ಸುಮ್ನೆ ಹೋಯಿತು. ಅದು ಮಾಸ್ಕಿನ ತಪ್ಪು, ಚಿಕಿತ್ಸೆಯ ತಪ್ಪಲ್ಲ ಅಂತ ಹೇಳುವವರಿರಲಿಲ್ಲ. ಆದ್ದರಿಂದ ಮೂರು ನಾಲ್ಕು ಬಗೆಯ ಮಾಸ್ಕ್ ಮಲಗಿಕೊಂಡೇ ಹಾಕಿ ನೋಡಿ, ಕೂತು ನೋಡಬೇಡಿ, ಮಲಗಿದಾಗ ಕೆನ್ನೆಯ ಆಕಾರವೇ ಬದಲಾಗುತ್ತೆ. ದಪ್ಪ ಮೀಸೆ ಇದ್ದವರಿಗೆ ಮೂಗಿನ ಹೊಳ್ಳೆಗೆ ಮಾತ್ರ ಕೂರುವ ಚಿಕ್ಕ ಮಾಸ್ಕ್ ಒಳ್ಳೆಯದು, ಗಾಳಿ ಸೋರಲ್ಲ. ಮೂಗು ಕಟ್ಟುತ್ತಿದ್ದರೆ ಮೊದಲು ಅದಕ್ಕೆ ಔಷಧಿ.

ಕೊಡಗಿನವರಿಗೆ ಬೇರೆಯದೇ ತಾಪತ್ರಯಗಳಿವೆ, ಅವನ್ನು ಯಾವ ಕಂಪನಿ ಪುಸ್ತಕದಲ್ಲೂ ಬರೆದಿರಲ್ಲ. ಡಿಸೆಂಬರ್ ಚಳಿಯಲ್ಲಿ ಯಂತ್ರದ ಬಿಸಿ ಹಬೆ ತಣ್ಣಗಿನ ಪೈಪಿನಲ್ಲಿ ನೀರಾಗಿ ಮೂಗಿಗೆ ತೊಟ್ಟಿಕ್ಕುತ್ತೆ. ಪೈಪಿಗೆ ಹಳೇ ಉಲ್ಲನ್ ಬಟ್ಟೆ ಸುತ್ತಿ, ಕಂಬಳಿಯೊಳಗೆ ತಂದುಕೊಳ್ಳಿ, ಯಂತ್ರವನ್ನು ಮಂಚಕ್ಕಿಂತ ಕೆಳಗಿಡಿ. ಮಳೆಗಾಲದಲ್ಲಿ ಬೆಲ್ಟಿನಿಂದ ಹಿಡಿದು ಎಲ್ಲದಕ್ಕೂ ಬೂಸ್ಟು ಹಿಡಿಯುವ ಊರು ನಮ್ಮದು. ಮಾಸ್ಕ್, ನೀರಿನ ಡಬ್ಬಿ ದಿನಾ ತೊಳೆದು, ಒಲೆಯ ಮೇಲೆ ಬಟ್ಟೆ ಒಣಗಿಸುವ ಜಾಗದಿಂದ ಸ್ವಲ್ಪ ದೂರದಲ್ಲಿ, ಹೊಗೆ ತಾಗದ ಹಾಗೆ ತೂಗುಹಾಕಿ. ಫಿಲ್ಟರ್ ಕಪ್ಪಾದ ಕೂಡಲೇ ಬದಲಾಯಿಸಿ.

ಆಮೇಲೆ ಕರೆಂಟು. ಮರ ಬಿದ್ದು ಲೈನ್ ಹೋದರೆ ಎಷ್ಟು ದಿನ ಅಂತ ಯಾರಿಗೆ ಗೊತ್ತು? ಹಬೆಯ ಹೀಟರ್ ಆಫ್ ಮಾಡಿದರೆ ಸಿಪ್ಯಾಪ್ ತುಂಬಾ ಕಮ್ಮಿ ಕರೆಂಟ್ ತಗೊಳ್ಳುತ್ತೆ, ಇನ್ವರ್ಟರ್ ರಾತ್ರಿಯಿಡೀ ಎಳೆಯುತ್ತೆ. ಇಲ್ಲವಾದರೆ ಯಂತ್ರಕ್ಕೆ ಒಪ್ಪುವ ಡಿಸಿ ಕೇಬಲ್ ತರಿಸಿ ಬೇರೆ ಬ್ಯಾಟರಿಗೆ ಕೊಡಿ. ನಾನು ಇಂಪ್ಲಾಂಟ್ ಬೇಕು ಅಂತ ಹಟ ಹಿಡಿದದ್ದೇ ಒಂದು ಆಗಸ್ಟಿನಲ್ಲಿ ಐದು ರಾತ್ರಿ ಕರೆಂಟಿಲ್ಲದೆ, ಹಳೇ ಇನ್ವರ್ಟರೂ ಕೈಕೊಟ್ಟು, ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿದ ಮೇಲೆ.

ಜೊತೆಗೆ ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು, ಮಲಗುವ ಹೊತ್ತಿಗೆ ಗುಂಡು ಹಾಕದಿರುವುದು. ಮದುವೆಮನೆಯಿಂದ ಬಂದ ರಾತ್ರಿ ನನ್ನ ಯಂತ್ರದ ಲೆಕ್ಕ ನೋಡಿದರೆ ಸಾಕು, ಮದ್ಯ ಗಂಟಲಿಗೆ ಏನು ಮಾಡುತ್ತೆ ಅಂತ ಸಂಖ್ಯೆಯಲ್ಲೇ ಕಾಣುತ್ತೆ. ಡಾಕ್ಟರ್ ಕೇಳದೆ ನಿದ್ದೆ ಮಾತ್ರೆಯಂತೂ ಬೇಡವೇ ಬೇಡ. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಹಲ್ಲಿನ ಕ್ಲಿಪ್ಪೂ ಸಣ್ಣ, ಮಧ್ಯಮ ಕಾಯಿಲೆಯವರಿಗೆ ಆಗುತ್ತೆ. ತೂಕ ಜಾಸ್ತಿ ಇರುವವರಿಗೆ ಟಿರ್ಜೆಪಟೈಡ್ ಅನ್ನುವ ಇಂಜೆಕ್ಷನನ್ನು 2024ರ ಡಿಸೆಂಬರಿನಲ್ಲಿ ಅಮೆರಿಕದ ಎಫ್‌ಡಿಎ, ಅಂದರೆ ಅಲ್ಲಿನ ಔಷಧಿ ಮತ್ತು ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಸರ್ಕಾರಿ ಸಂಸ್ಥೆ, ಈ ಕಾಯಿಲೆಗೂ ಒಪ್ಪಿದೆ. ಆಪರೇಷನ್ನಿಗೆ ಮೊದಲು ಇವುಗಳ ಬಗ್ಗೆಯೂ ಕೇಳಿ.

ಇಂಪ್ಲಾಂಟ್ ಅಂದರೆ ಏನು

ಮಿದುಳಿನಿಂದ ನೇರ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಕೊನೆಯದು ಹೈಪೋಗ್ಲಾಸಲ್. ನಾಲಿಗೆಯನ್ನು ಆಡಿಸುವುದು ಅದೇ. ಅದರಲ್ಲಿ ಕೆಲವು ಕವಲು ನಾಲಿಗೆಯನ್ನು ಮುಂದಕ್ಕೆ ತಳ್ಳುತ್ತವೆ, ಕೆಲವು ಹಿಂದಕ್ಕೆ ಎಳೆಯುತ್ತವೆ. ಬಲಗಡೆ ಗದ್ದದ ಕೆಳಗೆ ಸಣ್ಣದಾಗಿ ಕೊಯ್ದು, ಮುಂದಕ್ಕೆ ತಳ್ಳುವ ಕವಲುಗಳನ್ನು ಮಾತ್ರ ಆರಿಸಿ, ಅದರ ಸುತ್ತ ಪುಟ್ಟ ಪಟ್ಟಿಯಂಥ ಎಲೆಕ್ಟ್ರೋಡ್ ಕೂರಿಸುತ್ತಾರೆ. ಆಪರೇಷನ್ ಮಧ್ಯದಲ್ಲೇ ಸಣ್ಣ ಕರೆಂಟ್ ಕೊಟ್ಟು ನಾಲಿಗೆ ನಿಜಕ್ಕೂ ಮುಂದೆ ಬರುತ್ತಾ ಅಂತ ನೋಡಿಯೇ ಮುಂದುವರಿಯುತ್ತಾರೆ. ಅಲ್ಲಿಂದ ಒಂದು ವೈರ್ ಚರ್ಮದ ಕೆಳಗೇ ಇಳಿದು ಬಲಗಡೆ ಕಾಲರ್ ಬೋನ್ ಕೆಳಗೆ ಕೂರಿಸಿದ ಡಬ್ಬಿಗೆ ಸೇರುತ್ತೆ. ಪೇಸ್‌ಮೇಕರ್ ನೋಡಿದ್ದೀರಲ್ಲ, ಅದೇ ಥರ. ಭಾವನಿಗೆ ಹಾಕಿದ್ದರಲ್ಲಿ ಪಕ್ಕೆಲುಬಿನ ನಡುವೆ ಇನ್ನೊಂದು ವೈರ್ ಇದೆ, ಅದು ಉಸಿರು ಒಳಗೆಳೆಯುವುದನ್ನು ಗುರುತಿಸುತ್ತೆ. ಪ್ರತಿ ಉಸಿರಿಗೂ ಸರಿಯಾಗಿ ಡಬ್ಬಿ ನರವನ್ನು ಎಚ್ಚರಿಸುತ್ತೆ, ನಾಲಿಗೆ ಮುಂದೆ ಬರುತ್ತೆ, ದಾರಿ ತೆರೆಯುತ್ತೆ. ಬ್ಯಾಟರಿ ಸುಮಾರು 11 ವರ್ಷ. ಮುಗಿದಾಗ ಎದೆಯ ಡಬ್ಬಿಯನ್ನು ಬದಲಾಯಿಸಲು ಸಣ್ಣ ಆಪರೇಷನ್ ಬೇಕು.

ಇದು ಇನ್‌ಸ್ಪೈರ್ ಕಂಪನಿಯದು, 2014ರ ಏಪ್ರಿಲಿನಲ್ಲಿ ಎಫ್‌ಡಿಎ ಒಪ್ಪಿತು. 2024ರಲ್ಲಿ ಒಪ್ಪಿಗೆ ಸಿಕ್ಕ ಹೊಸ ಮಾದರಿಯಲ್ಲಿ ಪಕ್ಕೆಲುಬಿನ ವೈರ್ ಇಲ್ಲ, ಉಸಿರು ಗುರುತಿಸುವ ಸೆನ್ಸರ್ ಡಬ್ಬಿಯೊಳಗೇ ಇದೆ. ನೈಕ್ಸೋವಾ ಅನ್ನುವ ಬೆಲ್ಜಿಯಂ ಕಂಪನಿಯ ಜೀನಿಯೋ ಬೇರೆ ಬಗೆ. ದೇಹದೊಳಗೆ ಬ್ಯಾಟರಿ ಇಲ್ಲ, ಗದ್ದದ ಕೆಳಗೆ ರಾತ್ರಿ ಅಂಟಿಸಿಕೊಳ್ಳುವ ಪಟ್ಟಿಯಿಂದ ಶಕ್ತಿ ಹೋಗುತ್ತೆ, ಎರಡೂ ಕಡೆಯ ನರಕ್ಕೆ ಕೊಡುತ್ತೆ. ಅದಕ್ಕೆ ಅಮೆರಿಕದಲ್ಲಿ 2025ರಲ್ಲಿ ಒಪ್ಪಿಗೆ ಸಿಕ್ಕಿತು. ಹೊರಗಿನ ಚಾರ್ಜಿಂಗ್ ಬೇಕಾಗುವುದರಿಂದ ನಮ್ಮ ಕರೆಂಟಿನ ಪರಿಸ್ಥಿತಿಗೆ ಮೊದಲನೆಯದೇ ಅನುಕೂಲ ಅಂತ ನನ್ನ ಅಭಿಪ್ರಾಯ.

ಇನ್‌ಸ್ಪೈರ್‌ನ ಫಲ ಎಷ್ಟು ಅಂದರೆ, 2014ರ ಜನವರಿಯಲ್ಲಿ ಪ್ರಕಟವಾದ ಸ್ಟಾರ್ ಅಧ್ಯಯನದಲ್ಲಿ 126 ಜನರಿಗೆ ಹಾಕಿ ಒಂದು ವರ್ಷ ನೋಡಿದರು. ಎಎಚ್‌ಐನ ಮಧ್ಯದ ಸಂಖ್ಯೆ 29.3 ಇದ್ದದ್ದು 9ಕ್ಕೆ ಇಳಿಯಿತು. ಮೂರರಲ್ಲಿ ಎರಡು ಭಾಗ ಜನರಿಗೆ ಚೆನ್ನಾಗಿ ಆಯಿತು. ಅಂದರೆ ಉಳಿದ ಒಂದು ಭಾಗಕ್ಕೆ ಅಂದುಕೊಂಡಷ್ಟು ಆಗಲಿಲ್ಲ, ಅದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ. ಚೆನ್ನಾಗಿ ಆದವರಲ್ಲೇ ಕೆಲವರಿಗೆ ಒಂದು ವಾರ ಯಂತ್ರ ಆಫ್ ಮಾಡಿಸಿದರು, ಸಂಖ್ಯೆ ಮತ್ತೆ 25 ದಾಟಿತು. ಹಾಗಾಗಿ ಇದು ಕಾಯಿಲೆ ವಾಸಿ ಮಾಡುವ ಆಪರೇಷನ್ ಅಲ್ಲ. ಆನ್ ಮಾಡಿದ ರಾತ್ರಿ ಮಾತ್ರ ಕೆಲಸ ಮಾಡುತ್ತೆ.

ಯಾರಿಗೆ ಆಗುತ್ತೆ, ಯಾರಿಗೆ ಆಗಲ್ಲ

ಮೊದಲು ಎಎಚ್‌ಐ 20ರಿಂದ 65 ಇದ್ದವರಿಗೆ ಮಾತ್ರ ಅಂತಿತ್ತು. ಆಮೇಲೆ ಕೆಳಗಿನ ಮಿತಿ 15ಕ್ಕೆ ಇಳಿಯಿತು, 2023ರಲ್ಲಿ ಎಫ್‌ಡಿಎ ಮೇಲಿನ ಮಿತಿಯನ್ನು 100ಕ್ಕೆ, ಬಿಎಂಐಯನ್ನು 40ರವರೆಗೆ ಹಿಗ್ಗಿಸಿತು. ಆದರೂ ತೂಕ ಕಮ್ಮಿ ಇದ್ದಷ್ಟೂ ಫಲ ಜಾಸ್ತಿ. ಸೆಂಟ್ರಲ್ ಅಪ್ನಿಯಾ ಒಟ್ಟಿನ ಕಾಲು ಭಾಗಕ್ಕಿಂತ ಕಮ್ಮಿ ಇರಬೇಕು.

ಆಮೇಲೆ ಬರುವುದೇ ನಿಜವಾದ ಜರಡಿ. ಔಷಧಿ ಕೊಟ್ಟು ನಿದ್ದೆ ಬರಿಸಿ, ಮೂಗಿನ ಮೂಲಕ ತೆಳು ಕ್ಯಾಮೆರಾ ಇಳಿಸಿ, ಗಂಟಲು ಮುಚ್ಚುವುದನ್ನು ಕಣ್ಣಾರೆ ನೋಡುತ್ತಾರೆ. ಡೈಸ್ ಪರೀಕ್ಷೆ ಅಂತಾರೆ. ನಾಲಿಗೆ ಹಿಂದೆ ಬಿದ್ದು ಮುಚ್ಚುತ್ತಿದ್ದರೆ, ಅಥವಾ ಅಂಗುಳ ಹಿಂದಕ್ಕೆ ಬಾಗಿಲಿನ ಹಾಗೆ ಬೀಳುತ್ತಿದ್ದರೆ ಇಂಪ್ಲಾಂಟ್ ಕೆಲಸ ಮಾಡುವ ಸಂಭವ ಇದೆ. ಅಂಗುಳದ ಮಟ್ಟದಲ್ಲಿ ನಾಲ್ಕೂ ಕಡೆಯಿಂದ ಒಟ್ಟಿಗೆ ಮುದುಡಿದರೆ, ಅಂದರೆ ಚೀಲದ ಬಾಯಿಗೆ ಹಗ್ಗ ಎಳೆದು ಕಟ್ಟಿದ ಹಾಗೆ ಮುಚ್ಚಿದರೆ, ಬೇಡ ಅಂತಾರೆ. ನನಗೆ ಡಾಕ್ಟರ್ ಆ ವಿಡಿಯೋ ತೋರಿಸಿದರು. ಕೆಂಪಗಿನ ದಾರಿ ಸುತ್ತಲಿಂದಲೂ ಕಿರಿದಾಗಿ, ಕಿರಿದಾಗಿ, ಒಂದು ಚುಕ್ಕಿಯಾಗಿ ಮುಚ್ಚಿತು. ಕಾಫಿ ಚೀಲದ ಬಾಯಿ ಕಟ್ಟಿದ ಹಾಗೇ. "ನಾಲಿಗೆ ಮುಂದೆ ತಂದರೂ ಇದು ತೆರೆಯಲ್ಲ, ನಿಮಗೆ ಇದನ್ನು ಹಾಕಿದರೆ ದುಡ್ಡೂ ಹೋಗುತ್ತೆ, ಗಾಯವೂ ಆಗುತ್ತೆ" ಅಂದರು. ಬೇಜಾರಾಯಿತು, ಆದರೆ ಅಷ್ಟು ನೇರವಾಗಿ ಹೇಳಿದ್ದಕ್ಕೆ ಅವರಿಗೆ ಋಣಿ. ಅದೇ ಭೇಟಿಯಲ್ಲಿ ಸರಿಯಾದ ಮಾಸ್ಕ್ ಹಾಕಿಸಿ ಒತ್ತಡ ಹೊಂದಿಸಿಕೊಟ್ಟರು, ಈಗ ರಾತ್ರಿಗೆ ಆರೂವರೆ ಗಂಟೆ ಸಿಪ್ಯಾಪ್‌ನಲ್ಲೇ ಮಲಗುತ್ತೇನೆ, ಎಎಚ್‌ಐ 4. ಈ ಪರೀಕ್ಷೆ ಬೇಕಾಗಿಯೇ ಇಲ್ಲ ಅಂತ ಯಾರಾದರೂ ಅಂದರೆ, ಯಾಕೆ ಬೇಡ ಅಂತ ಬಿಡಿಸಿ ಕೇಳಿ. ಉತ್ತರ ಸಮಾಧಾನ ಆಗದಿದ್ದರೆ ಇನ್ನೊಬ್ಬ ಡಾಕ್ಟರ ಮಾತು ಕೇಳಿದ ಮೇಲೆಯೇ ಮುಂದೆ ಹೋಗಿ.

ಆಸ್ಪತ್ರೆಯಲ್ಲಿ ಕೇಳಬೇಕಾದ್ದು

ಕೊಡಗಿನಲ್ಲಿ ಈ ಆಪರೇಷನ್ ಇಲ್ಲ, ದೊಡ್ಡ ಊರಿನಲ್ಲೂ ಎಲ್ಲ ಆಸ್ಪತ್ರೆಯಲ್ಲಿ ಸಿಗುವಂಥದ್ದಲ್ಲ. ಮಡಿಕೇರಿಯಿಂದ ಮೈಸೂರು 120 ಕಿ.ಮೀ., ಬೆಂಗಳೂರು ಅದರ ಎರಡು ಪಟ್ಟಿಗಿಂತ ಜಾಸ್ತಿ. ವರ್ಷಗಟ್ಟಲೆ ಓಡಾಡಬೇಕು ಅನ್ನುವುದು ಮೊದಲೇ ತಲೆಯಲ್ಲಿರಲಿ. ಈ ಸಾಧನವನ್ನು ನೀವು ಸ್ವತಃ ಎಷ್ಟು ಜನರಿಗೆ ಹಾಕಿದ್ದೀರಿ ಅಂತ ಸರ್ಜನ್ನರನ್ನು ಕೇಳಿ, ಸಂಕೋಚ ಬೇಡ. ಈ ಮಾದರಿಯನ್ನು ಭಾರತಕ್ಕೆ ತರಲು ಸಿಡಿಎಸ್‌ಸಿಒ (ನಮ್ಮ ಕೇಂದ್ರ ಔಷಧಿ ನಿಯಂತ್ರಣ ಸಂಸ್ಥೆ) ಪರವಾನಗಿ ಇದೆಯಾ, ಅದರ ಕಾಗದ ತೋರಿಸಿ ಅನ್ನಿ. ಡಬ್ಬಿಯ ವೋಲ್ಟೇಜ್ ಹೊಂದಿಸುವ ಪ್ರೋಗ್ರಾಮರ್ ಯಂತ್ರ ಮತ್ತು ಅದು ಗೊತ್ತಿರುವವರು ಇಲ್ಲೇ ಇದ್ದಾರಾ ಅಥವಾ ಎಲ್ಲಿಂದಲೋ ಬರಬೇಕಾ? ಇದು ದುಡ್ಡಿಗಿಂತ ಮುಖ್ಯ. ಒಳಗೆ ಹಾಕಿದ ಮೇಲೆ ಹೊಂದಿಸುವವರೇ ಸಿಗದಿದ್ದರೆ ಅದು ಎದೆಯಲ್ಲಿ ಸುಮ್ನೆ ಕೂತ ಲೋಹ. ಖರ್ಚನ್ನು ಸಾಧನ, ಆಪರೇಷನ್, ಆಮೇಲಿನ ನಿದ್ದೆ ಪರೀಕ್ಷೆ, ಮುಂದೊಂದು ದಿನ ಬ್ಯಾಟರಿ ಬದಲು, ಹೀಗೆ ಬಿಡಿಬಿಡಿಯಾಗಿ ಕಾಗದದಲ್ಲಿ ಬರೆಸಿಕೊಳ್ಳಿ. ಇನ್ಶೂರೆನ್ಸ್ ಇದ್ದರೆ ಆಪರೇಷನ್ನಿಗೆ ಮೊದಲೇ ಲಿಖಿತ ಒಪ್ಪಿಗೆ. ಅದಕ್ಕೆ ಸಿಪ್ಯಾಪ್ ಕಾರ್ಡಿನ ಲೆಕ್ಕ, ನಿದ್ದೆ ಪರೀಕ್ಷೆ, ಡೈಸ್ ವಿಡಿಯೋ ಮೂರೂ ಬೇಕಾಗುತ್ತೆ.

ಆಪರೇಷನ್ ಆದ ಮೇಲಿನ ತಿಂಗಳು

ಪೂರ್ತಿ ಮಂಪರು ಕೊಟ್ಟು ಮಾಡುತ್ತಾರೆ, ಎರಡು ಮೂರು ಗಂಟೆ ಹಿಡಿಯಬಹುದು. ಭಾವ ಮರುದಿನ ಮನೆಗೆ ಬಂದರಂತೆ. ಕೆಲವು ದಿನ ನಾಲಿಗೆ ದಪ್ಪಗಾದ ಹಾಗೆ, ಮಾತು ಸ್ವಲ್ಪ ತೊದಲುವ ಹಾಗೆ ಇತ್ತು. ಮೆತ್ತಗಿನ ಊಟ. ಗಾಯ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ, ಊದಿದರೆ ಅದೇ ದಿನ ಡಾಕ್ಟರಿಗೆ ಫೋನ್. ಒಳಗೆ ಸಾಧನ ಇರುವಾಗ ಸೋಂಕು ಆಟದ ಮಾತಲ್ಲ.

ತೋಟದವರಿಗೆ ಕಷ್ಟ ಬಲಗೈಯದು. ಡಾಕ್ಟರ್ ಹೇಳಿದಷ್ಟು ವಾರ ಬಲಗೈ ತಲೆಗಿಂತ ಮೇಲೆ ಎತ್ತಬಾರದು, ಭಾರ ಹೊರಬಾರದು. ಕಾಫಿ ಚೀಲ ಹೊರುವುದು, ಮೆಣಸು ಕೊಯ್ಯಲು ಏಣಿ ಹತ್ತುವುದು, ಗಿಡದ ಕಸಿ ಮಾಡುವುದು ಯಾವುದೂ ಇಲ್ಲ. ಆದ್ದರಿಂದ ಡಿಸೆಂಬರಿನಿಂದ ಮಾರ್ಚಿನ ತನಕ ಕೊಯ್ಲು ಇರುವಾಗ ದಿನ ಗೊತ್ತು ಮಾಡಿಕೊಳ್ಳಬೇಡಿ, ನಾವು ಸುಮ್ನೆ ಕೂರುವ ಜನ ಅಲ್ಲ. ಸುರಿಮಳೆಯ ತಿಂಗಳೂ ಬೇಡ, ಬೆವರು ತೇವದಲ್ಲಿ ಗಾಯ ಒಣಗಲ್ಲ, ರಸ್ತೆಯೂ ನಂಬುವ ಹಾಗಿಲ್ಲ.

ಒಂದು ವಿಷಯ ಮೊದಲೇ ಗೊತ್ತಿರಲಿ. ಹಾಕಿದ ದಿನವೇ ಆನ್ ಮಾಡಲ್ಲ. ಗಾಯ ಮಾಗಲು ಸುಮಾರು ಒಂದು ತಿಂಗಳು ಬಿಡುತ್ತಾರೆ. ಆ ತಿಂಗಳು ಗೊರಕೆಯೂ ಇರುತ್ತೆ, ಅಪ್ನಿಯಾವೂ ಇರುತ್ತೆ. ಅಷ್ಟು ದಿನ ಸಿಪ್ಯಾಪ್ ಹಾಕಬಹುದಾ, ಹೇಗೆ ಮಲಗಬೇಕು ಅಂತ ಕೇಳಿಯೇ ಮನೆಗೆ ಬನ್ನಿ.

ರಾತ್ರಿಯ ಅಭ್ಯಾಸ

ಭಾವ ಹುತ್ತರಿ ಹಬ್ಬಕ್ಕೆ ಬಂದಾಗ ಇಪ್ಪತ್ತು ದಿನ ನಮ್ಮಲ್ಲೇ ಇದ್ದರು. ರಾತ್ರಿ ಮಲಗುವ ಮುಂಚೆ ಅಂಗೈಯಷ್ಟು ರಿಮೋಟನ್ನು ಎದೆಯ ಬಲಗಡೆಗೆ ಹಿಡಿದು ಒತ್ತುತ್ತಿದ್ದರು. "ನೋಡೋ ಇಲ್ಲಿ" ಅಂತ ಒಂದು ದಿನ ಬಾಯಿ ಸ್ವಲ್ಪ ತೆರೆದು ತೋರಿಸಿದರು. ಒತ್ತಿದ ತಕ್ಷಣ ನಾಲಿಗೆಯ ತುದಿ ತಾನಾಗಿಯೇ ಕೆಳಹಲ್ಲಿನ ಮೇಲೆ ಬಂದು, ಒಂದೆರಡು ಸೆಕೆಂಡು ನಿಂತು, ಹಿಂದೆ ಹೋಯಿತು. "ನೋವಾಗುತ್ತಾ ಭಾವ?" ಅಂತ ಕೇಳಿದೆ. "ಇಲ್ಲ, ಯಾರೋ ಒಳಗಿಂದ ಮೆಲ್ಲಗೆ ತಳ್ಳಿದ ಹಾಗೆ" ಅಂದರು. ಆನ್ ಮಾಡಿದರೂ ಅರ್ಧ ಗಂಟೆ ಅದು ಸುಮ್ಮನಿರುತ್ತೆ, ನಿದ್ದೆ ಹತ್ತಲಿ ಅಂತ. ಮಧ್ಯೆ ಎದ್ದರೆ ಸ್ವಲ್ಪ ಹೊತ್ತು ನಿಲ್ಲಿಸಲು ಬಟನ್ ಇದೆ. ಬೆಳಿಗ್ಗೆ ಆಫ್. ಅಕ್ಕ ಪಕ್ಕದಲ್ಲೇ ಮಲಗಿ ನಿದ್ದೆ ಮಾಡುತ್ತಿದ್ದಳು, ನನಗೆ ಅದೇ ದೊಡ್ಡ ಸಾಕ್ಷಿ.

ಆದರೆ ಅಲ್ಲಿಗೆ ಮುಟ್ಟಲು ಅವರಿಗೆ ನಾಲ್ಕೈದು ತಿಂಗಳು ಹಿಡಿಯಿತು. ಮೊದಲು ಡಾಕ್ಟರ್ ತೀರ ಕಮ್ಮಿ ಮಟ್ಟದಲ್ಲಿ ಶುರು ಮಾಡುತ್ತಾರೆ. ಮನೆಯಲ್ಲಿ ವಾರಕ್ಕೊಂದು ಮೆಟ್ಟಿಲು ನೀವೇ ಏರಿಸಬೇಕು. ಎಚ್ಚರವಾಗುತ್ತಿದ್ದರೆ ಒಂದು ಮೆಟ್ಟಿಲು ಇಳಿದು, ಎರಡು ವಾರ ಇದ್ದು ಮತ್ತೆ ಏರಿಸಿ. ಬೇಗ ಗುಣವಾಗಲಿ ಅಂತ ಒಂದೇ ಸಲ ಜಾಸ್ತಿ ಮಾಡಿದರೆ ನಿದ್ದೆಯೇ ಹಾಳು. ಒಂದು ನೋಟ್‌ಬುಕ್ ಇಡಿ: ಯಾವ ಮಟ್ಟ, ಎಷ್ಟು ಗಂಟೆ, ಎಷ್ಟು ಸಲ ಎಚ್ಚರ, ಬೆಳಿಗ್ಗೆ ಹೇಗಿತ್ತು. ಎರಡು ಮೂರು ತಿಂಗಳಿಗೆ ಮತ್ತೆ ಲ್ಯಾಬಿನಲ್ಲಿ ಮಲಗಿಸಿ, ಯಂತ್ರ ಆನ್ ಇರುವಾಗಲೇ ಪರೀಕ್ಷೆ ಮಾಡಿ ನಿಮಗೆ ಸರಿಯಾದ ಮಟ್ಟ ಹುಡುಕುತ್ತಾರೆ. ಗೊರಕೆ ನಿಂತಿತಲ್ಲ ಅಂತ ಈ ಪರೀಕ್ಷೆ ತಪ್ಪಿಸಬೇಡಿ. ಸದ್ದು ನಿಂತರೂ ಆಮ್ಲಜನಕ ಇಳಿಯುತ್ತಿರಬಹುದು. ನಾಲಿಗೆ ಹಲ್ಲಿಗೆ ಉಜ್ಜಿ ಹುಣ್ಣಾದರೆ ಹೇಳಿ, ಹಲ್ಲಿಗೆ ಪ್ಲಾಸ್ಟಿಕ್ ಕವಚ ಮಾಡಿಸಬಹುದು ಅಥವಾ ಕರೆಂಟ್ ಕೊಡುವ ರೀತಿ ಬದಲಾಯಿಸಬಹುದು.

ಕೊನೆಗೆ, ಕಾರ್ಡ್. ಇಂಪ್ಲಾಂಟ್ ಇದೆ ಅನ್ನುವ ಗುರುತಿನ ಕಾರ್ಡ್ ಕೊಡುತ್ತಾರೆ, ಪರ್ಸಿನಲ್ಲೇ ಇರಲಿ. ಎಂಆರ್‌ಐ ಮಾಡುವ ಮೊದಲು ತೋರಿಸಿ, ಎಲ್ಲ ಮಾದರಿಗೂ ಎಲ್ಲ ಬಗೆಯ ಎಂಆರ್‌ಐ ಆಗಲ್ಲ. ಬೇರೆ ಯಾವ ಆಪರೇಷನ್ ಇದ್ದರೂ ಮೊದಲೇ ಹೇಳಿ. ನಮ್ಮ ಕಡೆ ಸೊಂಟನೋವು, ಮಂಡಿನೋವು ಅಂತ ಹೋದರೆ ಫಿಸಿಯೋಥೆರಪಿಯಲ್ಲಿ ಡಯಾಥರ್ಮಿ ಅನ್ನುವ ಬಿಸಿ ಯಂತ್ರದ ಕೆಳಗೆ ಕೂರಿಸುವುದುಂಟು. ಇಂಪ್ಲಾಂಟ್ ಇದ್ದವರು ಅದರ ಹತ್ತಿರ ಹೋಗಲೇಬಾರದು, ವೈರ್ ಬಿಸಿಯಾಗಿ ನರ ಸುಟ್ಟೀತು. ಭಾವ ಇಲ್ಲಿದ್ದಾಗ ತೋಟದಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡಿತ್ತು. ಕುಶಾಲನಗರದಲ್ಲಿ ಹಾಸಿಗೆಯ ಮೇಲೆ ಮಲಗಿಸಿ ಯಂತ್ರದ ಪ್ಯಾಡ್ ತರುವಷ್ಟರಲ್ಲಿ ಅಕ್ಕ ಪರ್ಸಿನಿಂದ ಆ ಕಾರ್ಡ್ ತೆಗೆದು ಫಿಸಿಯೋಥೆರಪಿಯವರ ಕೈಗೆ ಕೊಟ್ಟಳು. ಅವರು ಓದಿ, ಯಂತ್ರದ ವೈರ್ ಕಿತ್ತು, ಬಿಸಿನೀರಿನ ಚೀಲ ತಂದರು.